ಕಲ್ನಾರಿನ ಧೂಳು

ಆಸ್‌ಬೆಸ್ಟಾಸಿಗೆ ನಮ್ಮ ಭಾಷೆಯಲ್ಲಿ ಕಲ್ನಾರು ಎಂಬ ಸೊಗಸಾದ ಹೆಸರುಂಟು: ಕಲ್ಲೇ, ಆದರೆ ನಾರಿನಂತೆ ಎಳೆಯೆಳೆಯಾಗಿ ಬಿಡುವಂಥದು. ಸಿಮೆಂಟಿನೊಡನೆ ಬೆರೆತು ಷೀಟಾದ ಇದನ್ನು ಮಂಡ್ಯ, ಮದ್ದೂರುಗಳ ಕಡೆ ಆಲೆಮನೆ, ಕೊಟ್ಟಿಗೆಗಳ ಮೇಲೆ ನೀವು ಕಂಡೇ ಇದ್ದೀರಿ. ಸುಮ್ಮನೆ ಹೊದಿಸಿರುವ ಷೀಟಿಗಿಂತ, ಅದನ್ನು ಕೊಯ್ಯುವಾಗ, ಒಡೆಯುವಾಗ ಏಳುವ ಧೂಳಿಗೆ ಹೆದರಬೇಕು. ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಗಡುಸಾಗಿಸುತ್ತವೆ. ಏದುಸಿರು ತೋರುವುದು ಹತ್ತಿಪ್ಪತ್ತು ವರ್ಷಗಳ ಮೇಲೆ.

ತೊಡಕಿರುವುದು ಇಲ್ಲಿಯೇ. ಮಳವಳ್ಳಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪರಊರಿನ ಷೀಟು ಕಾರ್ಖಾನೆಯಲ್ಲಿ ದುಡಿದು ಬಂದವನು. "ಪರಿಹಾರಕ್ಕೆ ಒಂದು ಅರ್ಜಿ ಬರೆದುಕೊಡಿ ಮೇಷ್ಟ್ರೇ" ಎಂದ, ನಡುನಡುವೆ ನಿಂತು ಉಸಿರೆಳೆದುಕೊಂಡು. "ಅಲ್ಲಿ ಕೆಲಸ ಮಾಡಿದ್ದಕ್ಕೆ ಕಾಗದವೇನಪ್ಪ?" ಎಂದೆ. ಇರಲಿಲ್ಲ. ಅರ್ಜಿಗೆ ನನ್ನ ವ್ಯಾಕರಣ ಸಾಕು; ಸಾಕ್ಷ್ಯಕ್ಕೆ ಸಾಲದು.

ಈ ರೋಗವನ್ನು ಉದ್ಯೋಗಜನ್ಯವೆಂದು 1923ರ ಪರಿಹಾರ ಕಾಯಿದೆಯ ಪಟ್ಟಿಗೆ ಸೇರಿಸಲಾಗಿತ್ತು. ಅದರ ಸ್ಥಾನಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು, ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲೇ ಅಡಕವೆಂದಿತು. ಆ ಮೊಕದ್ದಮೆಯಲ್ಲಿ ರೋಗ ದೃಢಪಟ್ಟವರಿಗೆ ತಲಾ 1 ಲಕ್ಷ ರೂಪಾಯಿ ಸಲ್ಲಬೇಕೆಂದಿತು. ನನಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ಮತ್ತೊಂದು ಆಜ್ಞೆ: ಕೆಲಸಗಾರನ ಆರೋಗ್ಯದ ದಾಖಲೆಯನ್ನು ಅವನು ಸೇರಿದಂದಿನಿಂದ 40 ವರ್ಷ, ಇಲ್ಲವೆ ಬಿಟ್ಟಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾರ್ಖಾನೆಯವರು ಕಾಪಾಡತಕ್ಕದ್ದು.

ಅದನ್ನೇ ಉಲ್ಲೇಖಿಸಿ ಆ ಕಾರ್ಖಾನೆಗೆ ರಿಜಿಸ್ಟರು ಪತ್ರ ಹಾಕಿದೆವು. ನಿಮ್ಮ ಮನೆಯಲ್ಲೂ ಅಂಥ ದುಡಿಮೆ ಮಾಡಿದವರಿದ್ದರೆ ಪಿ.ಎಫ್. ಚೀಟಿ, ಇ.ಎಸ್.ಐ. ಕಾರ್ಡು, ಎದೆಯ ಎಕ್ಸ್-ರೇ ಇವನ್ನು ಟ್ರಂಕಿನಿಂದ ತೆಗೆದು ಒಂದೆಡೆ ಕಟ್ಟಿಡಿ; ಗೆದ್ದಲು ತಿನ್ನುವ ಮುಂಚೆ.