ಸಾಲಕ್ಕಿಂತ ಮುಚ್ಚಿಟ್ಟ ಸಾಲ ದೊಡ್ಡದು
(ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಸಾಲವಿಲ್ಲದ ಮನೆ ನಮ್ಮಲ್ಲಿ ಅಪರೂಪ. ಸಂಬಳ ಸಾಲದಾದಾಗ ಸಾಲ ಮಾಡುತ್ತೇವೆ. ನಮ್ಮ ಹೆಸರು ಅಂಗಡಿಯವರ ಖಾತೆಯಲ್ಲಿ, ಅಂಗಡಿಯವರ ಹೆಸರು ಸಗಟು ವ್ಯಾಪಾರಿಯ ಖಾತೆಯಲ್ಲಿ. ಇಂಥ ಸಾಲ ಒಬ್ಬನ ನೌಕರಿಗೇ ಕುತ್ತಾಗಬಹುದೇ? ಅಮೆರಿಕದಲ್ಲಿ ಆಗಬಹುದು. ಹೇಗೆಂಬುದನ್ನು ನಾವು ತಿಳಿಯುವುದು ಒಳ್ಳೆಯದು.

ಅಲ್ಲಿ ಯುದ್ಧನೌಕೆ, ವಿಮಾನ ಕಟ್ಟುವ ಖಾಸಗಿ ಕಾರ್ಖಾನೆಯ ಕೆಲಸಗಾರನೂ ರಹಸ್ಯ ಕಾಗದಪತ್ರ ನೋಡಬೇಕಾದರೆ ಸರ್ಕಾರದ ಭದ್ರತಾ ಅನುಮತಿ ಪಡೆಯಬೇಕು. ಅನುಮತಿ ಹೋದರೆ ಆ ಕೆಲಸವೂ ಹೋದಂತೆಯೇ. ಇದಕ್ಕಾಗಿ ಬಹುಕಾಲದಿಂದ ತುಂಬಿಸುತ್ತ ಬಂದಿರುವ ಅರ್ಜಿಯ ಹೆಸರು 86ನೆಯ ನಮೂನೆ. ಕಳೆದ 7 ವರ್ಷಗಳಲ್ಲಿ ಯಾವ ಸಾಲವಾದರೂ 120 ದಿನ ಮೀರಿ ಬಾಕಿ ಬಿದ್ದಿತ್ತೇ, ತೆರಿಗೆ ಕಟ್ಟದೆ ಉಳಿಸಿದ್ದುಂಟೇ, ದಿವಾಳಿ ಅರ್ಜಿ ಹಾಕಿದ್ದುಂಟೇ ಎಂದೆಲ್ಲ ಅದು ಕೇಳುತ್ತದೆ.

ಏಕೆ ಕೇಳುತ್ತಾರೆ? ಹಣದ ಇಕ್ಕಟ್ಟಿನಲ್ಲಿರುವವನನ್ನು ಕೊಳ್ಳುವುದು ಸುಲಭವೆಂಬ ಭಯ. ಅಲ್ಲಿನ ಗುಪ್ತಚರ ಸಂಸ್ಥೆಯಲ್ಲಿದ್ದ ಆಲ್ಡ್ರಿಚ್ ಏಮ್ಸ್ ಸಾಲದ ಒತ್ತಡದಲ್ಲಿ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರಿದ. 1994ರಲ್ಲಿ ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆಗೆ ಗುರಿಯಾದ.

ಆದರೆ ಸಾಲಗಾರರೆಲ್ಲ ದ್ರೋಹಿಗಳಲ್ಲ. ಅದನ್ನು ಅಲ್ಲಿಯ ನಿಯಮವೂ ಒಪ್ಪುತ್ತದೆ. 2017ರಿಂದ ಜಾರಿಯಲ್ಲಿರುವ ಮಾರ್ಗಸೂಚಿಯಲ್ಲಿ ಇಷ್ಟು ಡಾಲರ್ ಸಾಲವಿದ್ದವನು ಅನರ್ಹನೆಂಬ ಗೆರೆಯಿಲ್ಲ. ಕೆಲಸ ಹೋಯಿತೇ, ಕಾಯಿಲೆ ಬಿತ್ತೇ, ಸಂಸಾರ ಒಡೆಯಿತೇ ಎಂದು ನೋಡುತ್ತಾರೆ. ಆಮೇಲೆ ಅವನು ಜವಾಬ್ದಾರಿಯಿಂದ ನಡೆದುಕೊಂಡನೇ, ಸಾಲಕೊಟ್ಟವರೊಡನೆ ಮಾತಾಡಿ ಕಂತು ಕಟ್ಟುತ್ತಿದ್ದಾನೆಯೇ ಎಂಬುದನ್ನೂ ತೂಗುತ್ತಾರೆ.

ಮುಚ್ಚಿಟ್ಟವನ ಗತಿ ಬೇರೆ. ಅವನ ಸಾಲದ ದಾಖಲೆಯನ್ನು ಸರ್ಕಾರ ತಾನೇ ತರಿಸಿಕೊಳ್ಳುತ್ತದೆ. ಬೇಕೆಂದೇ ಬರೆಯದೆ ಬಿಟ್ಟರೆ ಅದು ನಡತೆಯ ಮೇಲಿನ ಬೇರೊಂದು ಆರೋಪ. ತಿಳಿದೂ ಸುಳ್ಳು ಬರೆದರೆ 5 ವರ್ಷದವರೆಗೆ ಸೆರೆಮನೆ. ತೀರಿಸಬಹುದಾಗಿದ್ದ ಸಾಲ ತೀರಿಸಲಾಗದ ಸುಳ್ಳಾಗುತ್ತದೆ. ಬಿಟ್ಟುಹೋದದ್ದನ್ನು, ಅವರು ಎದುರಿಗಿಟ್ಟು ಕೇಳುವ ಮೊದಲೇ, ತಾನಾಗಿ ತಿದ್ದಿದವನಿಗೆ ಮಾತ್ರ ಸ್ವಲ್ಪ ರಿಯಾಯಿತಿ.

ಕೆಲಸಗಾರನ ಮಾತು ಕೇಳುವ ಪದ್ಧತಿಯೂ ತಾನಾಗಿ ಬಂದದ್ದಲ್ಲ. ವಿಲಿಯಂ ಗ್ರೀನ್ ಎಂಬ ಎಂಜಿನಿಯರ್, ಸಾಲದ ಕಾರಣದಿಂದಲ್ಲ, ಮುಖ ಕಾಣದ ಸಾಕ್ಷಿಗಳ ಮಾತಿನಿಂದ ಅನುಮತಿ ಕಳೆದುಕೊಂಡಿದ್ದರು. 1959ರಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 1960ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆಜ್ಞೆಯಿಂದ ಕಾರ್ಖಾನೆ ಕೆಲಸಗಾರರಿಗೆ ಲಿಖಿತ ಕಾರಣ, ಉತ್ತರ, ವಿಚಾರಣೆಯ ಅವಕಾಶ ದೊರೆಯಿತು.

ನಮ್ಮಲ್ಲೂ 1964ರ ಕೇಂದ್ರ ನೌಕರರ ನಡತೆಯ ನಿಯಮಗಳು ಸದಾ ಸಾಲದಲ್ಲಿ ಮುಳುಗಬಾರದೆನ್ನುತ್ತವೆ. ಪರಿಶೀಲನಾ ನಮೂನೆಯಲ್ಲಿ ಕ್ರಿಮಿನಲ್ ಮೊಕದ್ದಮೆ ಮುಚ್ಚಿಟ್ಟರೆ ನೌಕರಿ ಹೋಗಬಹುದು, ಆದರೆ ವಿಷಯದ ಗಾತ್ರ ತೂಗಿ ನೋಡಬೇಕು ಎಂದು 2016ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ.

ಆದ್ದರಿಂದ ಬಂಧುಗಳೇ, ನಮ್ಮ ಮಕ್ಕಳು ಎಲ್ಲಿ ಯಾವ ಅರ್ಜಿ ತುಂಬಿದರೂ ಕೇಳಿದ್ದನ್ನು ಬರೆಯಲಿ. ಅದು ಏಕಾಯಿತೆಂಬುದನ್ನೂ ಬರೆಯಲಿ. ಕಟ್ಟಿದ ಕಂತಿನ ರಶೀದಿಗಳನ್ನು ಜೋಪಾನವಾಗಿಡಲಿ. ಬಡತನಕ್ಕೆ ನಾಚಬೇಕಾಗಿಲ್ಲ. ಮುಚ್ಚಿಟ್ಟ ಗುಟ್ಟು ನಮ್ಮ ಜುಟ್ಟನ್ನು ಇನ್ನೊಬ್ಬನ ಕೈಗೆ ಕೊಡುತ್ತದೆ.