ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ: ವರ್ಗಮೂಲವೂ ಒಂಟೆಗಳ ಲೆಕ್ಕವೂ

 

ಈ ವರ್ಷದ ಅರ್ಜಿಗಳನ್ನು ನೋಡುವಾಗ ಒಂದು ಸಂಗತಿ ನಮ್ಮ ಮನಸ್ಸಿಗೆ ನಾಟಿತು. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಪಡೆದ ಕೆಲವು ಮಕ್ಕಳೂ ಗಣಿತಕ್ಕೆ ಹೆದರಿ ಪಿಯುಸಿಯಲ್ಲಿ ವಿಜ್ಞಾನ ಬೇಡ ಎಂದಿದ್ದಾರೆ. ಹೆದರಿಕೆ ಯಾವುದಕ್ಕೆ ಎಂದು ಕೇಳಿದಾಗ ಒಬ್ಬ ಹುಡುಗಿ √ ಚಿಹ್ನೆಯನ್ನು ಬರೆದು ತೋರಿಸಿದಳು. ಆದ್ದರಿಂದ ಇಂದು ಆಯವ್ಯಯದ ಲೆಕ್ಕಕ್ಕೆ ಮೊದಲು ಬೇರೊಂದು ಲೆಕ್ಕ.

ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಇದನ್ನು ಕೇಳಿದ್ದಾರೆ. ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿವೆ. 15 ನದಿಯ ದಡದಲ್ಲಿವೆ. ಒಟ್ಟು ಎಷ್ಟು? ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬರೆದ ಗ್ರಂಥದ 'ಅಲ್-ಜಬ್ರ್' ಪದದಿಂದಲೇ ಆಲ್ಜಿಬ್ರಾ ಎಂಬ ಹೆಸರು ಬಂತು. ವರ್ಗಮೂಲಕ್ಕೆ ಅರಬ್ಬಿಯಲ್ಲಿ 'ಜಝ್ರ್', ಅಂದರೆ ಬೇರು. ನಮ್ಮ 'ಮೂಲ'ವೂ ಬೇರೇ.

ವರ್ಗಮೂಲವನ್ನು 'ಮ' ಎನ್ನೋಣ. ಆಗ ಹಿಂಡು ಮ². ಕಾಲುಭಾಗ, 2ಮ, 15 ಇವನ್ನು ಕೂಡಿದರೆ ಮ². ನಾಲ್ಕರಿಂದ ಗುಣಿಸಿದರೆ ಮ² + 8ಮ + 60 = 4ಮ². ಅಂದರೆ 3ಮ² − 8ಮ − 60 = 0. ಅಪವರ್ತಿಸಿದರೆ (ಮ − 6)(3ಮ + 10) = 0. √ ಚಿಹ್ನೆ ಋಣಸಂಖ್ಯೆಯನ್ನು ಸೂಚಿಸದು, ಹಾಗಾಗಿ ಮ = 6, ಒಂಟೆಗಳು 36. ತಾಳೆ ನೋಡಿ: 9 + 12 + 15 = 36.

ಶಾಲೆಯಲ್ಲಿ ಮಕ್ಕಳು ಎಡವುವುದು ಇಲ್ಲೇ. √(ಅ + 6) = ಅ ಎಂದಾಗ ಎರಡೂ ಕಡೆ ವರ್ಗ ಮಾಡುತ್ತಾರೆ; ಅ² − ಅ − 6 = 0 ಆಗಿ 3 ಮತ್ತು −2 ಸಿಗುತ್ತವೆ. ಎರಡನ್ನೂ ಬರೆದು ಬರುತ್ತಾರೆ. ಆದರೆ −2 ಹಾಕಿ ನೋಡಿ: ಎಡಗಡೆ √4, ಅಂದರೆ 2, ಬಲಗಡೆ −2. 2ನ್ನು ವರ್ಗ ಮಾಡಿದರೂ −2ನ್ನು ವರ್ಗ ಮಾಡಿದರೂ 4 ಬರುವುದರಿಂದ, ವರ್ಗ ಮಾಡುವಾಗಲೇ ಈ ಕರೆಯದ ಅತಿಥಿ ಒಳಗೆ ಬಂದಿರುತ್ತಾನೆ. ಆ ಹುಡುಗಿಯೂ ತಾಳೆ ನೋಡಿರಲಿಲ್ಲ, ಅಷ್ಟೇ. ಅಷ್ಟಕ್ಕೆ ವಿಜ್ಞಾನವನ್ನೇ ಬಿಡಲು ಹೊರಟಿದ್ದಳು!

ಜಕಾತ್ ಹಣ ಎಂದಿನಂತೆ ಅರ್ಹ ಕುಟುಂಬಗಳ ಮಕ್ಕಳ ಶುಲ್ಕಕ್ಕೇ ಹೋಗುತ್ತದೆ. ಭಾನುವಾರದ ಗಣಿತ ತರಗತಿಯ ವೆಚ್ಚಕ್ಕೆ ಸದಖಾ ನಿಧಿಯಿಂದ ಕೊಡಬೇಕೆಂದು ದಾನಿಗಳಲ್ಲಿ ಕೋರುತ್ತೇವೆ. ಗಣಿತದಲ್ಲಿ ಅನುತ್ತೀರ್ಣರಾಗಿ ಮರುಪರೀಕ್ಷೆ ಬರೆಯುವವರೂ ಈ ಬಾರಿ ಅರ್ಜಿ ಹಾಕಬಹುದು. ಅಂಕಪಟ್ಟಿಯ ಜೊತೆ ಗಣಿತದ ನೋಟ್‌ಬುಕ್ಕನ್ನೂ ತನ್ನಿ. ಹೊಡೆದುಹಾಕಿದ ಪುಟಗಳಿದ್ದರೂ ಸರಿ.