ಸಂಘ ಬೆಳೆಯಿತು, ಸಭೆ ಸೊರಗಿತು
(ಬಿಳೇಕಹಳ್ಳಿಯಲ್ಲಿ ಆಡಿದ ಮಾತಿನ ಬರಹರೂಪ)



ಬಿಳೇಕಹಳ್ಳಿಯಲ್ಲಿ ನಿಂತು ರೈತ ಸಂಘದ ಮಾತಾಡುವುದೆಂದರೆ ಬತ್ತಿದ ಕೆರೆಯಲ್ಲಿ ಈಜು ಕಲಿಸಿದಂತೆ ಎಂದು ನೀವು ನಗಬಹುದು. ಬನ್ನೇರುಘಟ್ಟ ರಸ್ತೆಯ ಈ ಊರಲ್ಲಿ ಇವತ್ತು ಹೊಲ ಎಲ್ಲಿದೆ? ಹಳ್ಳಿ ಅನ್ನೋದು ಹೆಸರಿನ ಬಾಲದಲ್ಲಿ ಉಳಿದಿದೆ, ಅಷ್ಟೆ. ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ. ಊರು ಒಂದೇ ದಿನ ಹೋಗುವುದಿಲ್ಲ. ಒಬ್ಬೊಬ್ಬನಾಗಿ ತನ್ನ ಪಾಡು ತಾನು ನೋಡಿಕೊಂಡಾಗ ಹೋಗುತ್ತದೆ. ಸಂಘವೂ ಹಾಗೆಯೇ.

1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಮಲಪ್ರಭಾ ನೀರಿನ ಹೆಸರಲ್ಲಿ ಹೇರಿದ ಅಭಿವೃದ್ಧಿ ಕರ ರೈತರನ್ನು ಬೀದಿಗೆ ತಂದಿತ್ತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಸೇರಿ ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿದರು. ಅಪ್ಪಣೆ ಇಲ್ಲದೆ ಅಧಿಕಾರಿ ಒಳಗೆ ಬರಕೂಡದೆಂದು ಊರಬಾಗಿಲಲ್ಲಿ ಬೋರ್ಡು ನಿಂತಿತು. ಸಾಲಕ್ಕೆ ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡಿ ರೈತನ ಮನೆಗೆ ತಂದಿಟ್ಟರು. ಇದು ಹೇಗೆ ಸಾಧ್ಯವಾಯಿತು? ಸಾಲವನ್ನು ಮುಚ್ಚಿಡುವ ನಾಚಿಕೆ ಬಿಟ್ಟಿದ್ದೆವು. ಒಬ್ಬನ ಕಷ್ಟ ಇನ್ನೊಬ್ಬನಿಗೆ ಗೊತ್ತಿತ್ತು.

ಆಮೇಲೆ ಹಸಿರು ಶಾಲು ಹೆಚ್ಚಿತು, ಮುಖಪರಿಚಯ ಕಡಿಮೆಯಾಯಿತು. 1989ರಲ್ಲಿ ಸಂಘ ವಿಧಾನಸಭೆಗೂ ಕಾಲಿಟ್ಟಿತು. ಅದು ತಪ್ಪೆಂದು ಹೇಳೆನು. ಆದರೆ ಊರ ಸಭೆಯಲ್ಲಿ ಬೆಲೆಯ ಮಾತು ಹಿಂದಾಗಿ ಕುರ್ಚಿಯ ಮಾತು ಮುಂದಾಯಿತು. ಕೂಗುವವನು ಮುಂದೆ ಕುಳಿತ. ಕೆಲಸದವನು ಸದ್ದಿಲ್ಲದೆ ಎದ್ದು ಹೋದ. ಸಂಘ ಒಡೆಯಿತು. 2004ರಲ್ಲಿ ನಂಜುಂಡಸ್ವಾಮಿಯವರು ತೀರಿಕೊಂಡ ಮೇಲೆ ಬಣ ಎಣಿಸುವುದೇ ನಮಗೆ ಕೆಲಸವಾಯಿತು.

ನಾಯಕರನ್ನು ಬೈಯುವುದು ಸಲೀಸು. ನನ್ನದೂ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಒಬ್ಬರ ಟ್ರಾಕ್ಟರನ್ನು ಸಾಲದವರು ಎಳೆದೊಯ್ದರು. ಆತ ಬೇರೆ ಬಣದವನೆಂದು ನಾನು ಜಗಲಿ ಬಿಟ್ಟು ಏಳಲಿಲ್ಲ. ಮರುವರ್ಷ ನನ್ನ ಮನೆಗೆ ನೋಟೀಸು ಬಂದಾಗ ಬಂದು ಕೂತವರು ಇಬ್ಬರೇ. ಅವರಲ್ಲಿ ಒಬ್ಬರು ಆತನೇ! ಅವತ್ತಿನ ನಾಚಿಕೆ ಇನ್ನೂ ಆರಿಲ್ಲ.

ಹಾಗಾದರೆ ಸೊರಗಿದ್ದು ಚಿಗುರುವುದಿಲ್ಲವೇ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಿ. ಭೂಸ್ವಾಧೀನದ ವಿರುದ್ಧ ಅಲ್ಲಿನ ಹಳ್ಳಿಗಳವರು 2022ರಲ್ಲಿ ಧರಣಿ ಕೂತರು. ಮೂರು ವರ್ಷ ಏಳಲಿಲ್ಲ. ಬಣ ಬಣವಾಗಿದ್ದ ರೈತ ಸಂಘಟನೆಗಳು, ದಲಿತ, ಕಾರ್ಮಿಕ ಸಂಘಟನೆಗಳು ಒಂದೇ ಚಪ್ಪರಕ್ಕೆ ಬಂದವು. 2025ರ ಜುಲೈ 15ರಂದು ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಬಲ ಬಂದದ್ದು ದೊಡ್ಡ ವೇದಿಕೆಯಿಂದಲ್ಲ, ದಿನವೂ ಬಂದು ಕೂತವರಿಂದ.

ಆದ್ದರಿಂದ ನನ್ನದು ಮೂರೇ ಮಾತು. ತಿಂಗಳಿಗೊಮ್ಮೆ ಊರಲ್ಲೇ ಸಭೆ ಸೇರಿ. ಚಂದಾ ಲೆಕ್ಕವನ್ನು ಎಲ್ಲರೆದುರು ಓದಿ. ಹೊಸಬ ಬಂದರೆ ಶಾಲು ಹೊದಿಸುವ ಮುಂಚೆ ಅವನ ಸಾಲವೆಷ್ಟು, ಬೆಳೆಗೆ ಸಿಕ್ಕ ಬೆಲೆಯೆಷ್ಟು ಕೇಳಿ, ನಿಮ್ಮದನ್ನೂ ಹೇಳಿ. ಈ ತಿಂಗಳು ನಿಮ್ಮೂರಲ್ಲಿ ಸಭೆ ಆಗಿದೆಯೇ? ಇಲ್ಲದಿದ್ದರೆ ಯಾರನ್ನೂ ಕಾಯಬೇಡಿ, ಪಕ್ಕದ ಮನೆಯ ಬಾಗಿಲು ತಟ್ಟಿ.